ಕೋಣದ ಹಿಂದೆ ಓಡಿದವರು

2020ರ ಫೆಬ್ರವರೀಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು ಐಕಳ ಕಂಬಳದಲ್ಲಿ 142.5 ಮೀಟರನ್ನ 13.62 ಸೆಕೆಂಡಲ್ಲಿ ಓಡಿದ್ರು. ನಾವು ಸಾಫ್ಟ್‌ವೇರ್ ಮಂದಿ ಕೂತಲ್ಲೇ ಭಾಗಿಸಿ ನೂರು ಮೀಟರಿಗೆ 9.55 ಅಂದ್ವಿ. ಬೋಲ್ಟ್‌ನ 9.58 ಮುರಿದೇಹೋಯ್ತು! (ಕೋಣ ಎಳೆದದ್ದು ಲೆಕ್ಕಕ್ಕಿಲ್ಲ.) ಕೇಂದ್ರ ಸಚಿವರೇ ಟ್ರಯಲ್ಸ್‌ಗೆ ಕರೆದ್ರು. ಗೌಡರು ಒಪ್ಪಲಿಲ್ಲ. ಕಂಬಳದ ಓಟ ಬೇರೆ, ಟ್ರ್ಯಾಕ್ ಓಟ ಬೇರೆ ಅಂದ್ರು. ಓಟದ ಹೆಸರನ್ನೂ ಕೋಣಗಳಿಗೇ ಕೊಟ್ರು.

ಇದನ್ನ ಗುರಿ ಇಲ್ಲದ ಬದುಕು ಅನ್ನೋದು ಸುಲಭ. ನನಗೆ ಹಾಗನ್ನಿಸಲ್ಲ. ಒಲಿಂಪಿಕ್ಸ್ ಆಸೆ ನಮ್ಮದು, ಓಡಬೇಕಾದ ಕಾಲು ಮಾತ್ರ ಅವರದು, ಇದ್ಯಾವ ನ್ಯಾಯ? ಇನ್ನು ನಾಯಕತ್ವದ ಮಾತು. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಎತ್ತು ಹೂಡಿ ಉತ್ತವರಿಗೆ ಗೊತ್ತು: ಮುಂದೆ ನಡೆಯೋದು ಎತ್ತು, ಸಾಲು ಸೊಟ್ಟಗಾಗದಂತೆ ನೋಡೋನು ಹಿಂದಿರ್ತಾನೆ. ಸಾಲು ಚೆನ್ನಾಗಿ ಬಂದ್ರೆ ಅವನು ಹೊಗಳೋದೂ ಎತ್ತನ್ನೇ.