ಭೈಷಜ್ಯದಾನವೂ ಅಭಯದಾನವೂ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ನಮ್ಮ ಹಿರಿಯರು ಒಂದೇ ಉಸಿರಿನಲ್ಲಿ ಹೇಳುತ್ತ ಬಂದಿದ್ದಾರೆ. ಇವು ಒಂದಕ್ಕೊಂದು ಪೂರಕವೆಂಬುದು ನಮ್ಮ ಸಹಜವಾದ ನಂಬಿಕೆ. ಆದರೆ ನೋವಿನಿಂದ ನರಳುವವನಿಗೆ ಕರುಣೆಯಿಂದ ಕೊಟ್ಟ ಮದ್ದೇ ಅವನ ಪ್ರಾಣಕ್ಕೆ ಭಯವನ್ನು ತಂದರೆ, ಒಂದು ದಾನವು ಇನ್ನೊಂದನ್ನು ಕಸಿದುಕೊಂಡಂತಾಗಲಿಲ್ಲವೇ? ಕೊಟ್ಟವನ ಭಾವವು ಶುದ್ಧವಾಗಿದ್ದ ಮಾತ್ರಕ್ಕೆ ಅವನು ನಿರ್ದೋಷಿಯೆನ್ನಬಹುದೇ? ಇನ್‌ಫ್ಲುಯೆಂಜಾ ಜ್ವರಕ್ಕೂ ನೋವುನಿವಾರಕ ಔಷಧಗಳಿಗೂ ಇರುವ ಸಂಬಂಧವನ್ನು ವಿಚಾರಿಸುವಾಗ ಈ ಪ್ರಶ್ನೆ ತಾನಾಗಿ ಎದುರಾಗುತ್ತದೆ.

ಆಸ್ಪಿರಿನ್ ಮೇಲೆ ಬೇಯರ್ ಸಂಸ್ಥೆಗೆ ಅಮೆರಿಕದಲ್ಲಿದ್ದ ಏಕಸ್ವಾಮ್ಯದ ಹಕ್ಕು 1917ರಲ್ಲಿ ಮುಗಿಯಿತು. ಅನೇಕ ತಯಾರಕರು ಆ ಗುಳಿಗೆಯನ್ನು ಮಾಡತೊಡಗಿದರು. ಮರುವರ್ಷವೇ ಮಹಾಮಾರಿ ಬಂದಿತು. ಜ್ವರ, ತಲೆಶೂಲೆ, ಮೈಕೈ ನೋವುಗಳಿಂದ ಬಳಲುವವರಿಗೆ ವೈದ್ಯಾಧಿಕಾರಿಗಳು ಆಸ್ಪಿರಿನ್ ಕೊಡುವಂತೆ ಸೂಚಿಸಿದರು. ಆಗ ಹೇಳುತ್ತಿದ್ದ ಪ್ರಮಾಣವು ದಿನಕ್ಕೆ 8ರಿಂದ 31 ಗ್ರಾಂ. ಇಂದು ಪ್ರಾಪ್ತವಯಸ್ಕರಿಗೆ 4 ಗ್ರಾಂ ಮೇಲ್ಮಿತಿ. ಅತಿಯಾದ ಆಸ್ಪಿರಿನ್ ಉಸಿರಾಟವನ್ನು ತೀವ್ರಗೊಳಿಸಿ, ಶ್ವಾಸಕೋಶದಲ್ಲಿ ನೀರು ತುಂಬುವಂತೆ ಮಾಡಬಲ್ಲದು. ಆ ವರ್ಷದ ಕೆಲವು ಸಾವುಗಳಿಗೆ ಜ್ವರದೊಡನೆ ಮದ್ದೂ ಕಾರಣವಾಗಿರಬಹುದೆಂದು ಕ್ಯಾರನ್ ಸ್ಟಾರ್ಕೋ ಎಂಬ ವೈದ್ಯೆ 2009ರಲ್ಲಿ ಪ್ರತಿಪಾದಿಸಿದರು.

ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಅಂದಿನ ಮೃತರ ಶ್ವಾಸಕೋಶಗಳನ್ನು ಪರೀಕ್ಷಿಸಿದ ಇತರ ವಿದ್ವಾಂಸರು, ಬಹುಪಾಲು ಸಾವುಗಳಿಗೆ ಜ್ವರದ ಹಿಂದೆಯೇ ಬಂದ ಬ್ಯಾಕ್ಟೀರಿಯಾಜನ್ಯ ನ್ಯುಮೋನಿಯಾ ಕಾರಣವೆಂದು 2008ರಲ್ಲಿ ತೋರಿಸಿದ್ದರು. ಮೇಲಾಗಿ, 1918ರ ಬೇಸಗೆಯಲ್ಲಿ ಮುಂಬಯಿಗೆ ಬಂದ ಆ ಜ್ವರ ಭಾರತದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ ಎಷ್ಟೋ ಮಂದಿ ಗುಳಿಗೆಯ ಹೆಸರನ್ನೇ ಕೇಳರಿಯದ ಹಳ್ಳಿಗಳವರು. ಆದುದರಿಂದ ಆಸ್ಪಿರಿನ್ನನ್ನೇ ಮುಖ್ಯ ಕಾರಣವೆನ್ನುವುದು ಏಕಾಂತವಾದೀತು. ಎಲ್ಲಿಯೂ ಅದರ ಪಾತ್ರವಿರಲಿಲ್ಲವೆನ್ನುವುದೂ ಏಕಾಂತವೇ. ಅಂದಿನ ವೈದ್ಯರ ವಿಷಯದಲ್ಲಿ ಇಷ್ಟು ಹೇಳಬಹುದು: ಆ ಮದ್ದು ದೇಹದಲ್ಲಿ ಸಂಚಯವಾಗುವ ಬಗೆ ಗೊತ್ತಾದದ್ದು 1960ರ ದಶಕದಲ್ಲಿ, ಏದುಸಿರು ಮತ್ತು ಬೆವರುಗಳು ಮದ್ದಿನ ವಿಷದ ಲಕ್ಷಣವೋ ರೋಗದ್ದೋ ಎಂದು ಬೇರ್ಪಡಿಸುವುದು ಆಗ ಸುಲಭವಿರಲಿಲ್ಲ. ಅವರನ್ನು ಪ್ರಮಾದಿಗಳೆನ್ನಲು ನನ್ನ ಮನಸ್ಸು ಒಪ್ಪದು.

ಮಕ್ಕಳ ಪ್ರಕರಣದಲ್ಲಿ ಹಾಗೆ ಹೇಳುವಂತಿಲ್ಲ. ಇನ್‌ಫ್ಲುಯೆಂಜಾ ಅಥವಾ ಸೀತಾಳೆ ಸಿಡುಬಿನಿಂದ ಚೇತರಿಸಿಕೊಳ್ಳುತ್ತಿದ್ದ ಮಗು ಇದ್ದಕ್ಕಿದ್ದಂತೆ ಎಡೆಬಿಡದೆ ವಾಂತಿ ಮಾಡಿಕೊಂಡು, ಪ್ರಜ್ಞೆ ತಪ್ಪುವ ಒಂದು ಘೋರ ವ್ಯಾಧಿಯನ್ನು ಸಿಡ್ನಿಯ ವೈದ್ಯ ರೇ ಮತ್ತು ಅವರ ಸಹೋದ್ಯೋಗಿಗಳು 1963ರಲ್ಲಿ ವರ್ಣಿಸಿದರು. ಯಕೃತ್ತೂ ಮಿದುಳೂ ಏಕಕಾಲದಲ್ಲಿ ಕೆಡುವ ಈ ವ್ಯಾಧಿಗೆ ರೇ ಸಿಂಡ್ರೋಮ್ ಎಂದು ಹೆಸರು. 1980ರಲ್ಲಿ ಅಮೆರಿಕದ ಅರಿಜೋನಾದಲ್ಲಿ, ಮೇಲೆ ಹೇಳಿದ ಸ್ಟಾರ್ಕೋ ಅವರೇ, ಇಂಥ ಮಕ್ಕಳಿಗೆ ಆಸ್ಪಿರಿನ್ ಜಾತಿಯ ಮದ್ದು ಕೊಡಲಾಗಿತ್ತೆಂಬುದನ್ನು ಎತ್ತಿ ತೋರಿಸಿದರು. ಬೇರೆ ಪ್ರಾಂತಗಳಿಂದಲೂ ಅಂಥ ವರದಿಗಳು ಬಂದವು. 1982ರಲ್ಲಿ ಅಲ್ಲಿನ ಸರಕಾರದ ಪ್ರಧಾನ ವೈದ್ಯಾಧಿಕಾರಿ ಎಚ್ಚರಿಕೆ ಕೊಟ್ಟರು. ಆದರೆ "ಇನ್ನೂ ಸಾಬೀತಾಗಿಲ್ಲ" ಎಂಬುದು ತಯಾರಕರ ಆಕ್ಷೇಪ. ಡಬ್ಬಿಯ ಮೇಲೆ ಎಚ್ಚರಿಕೆಯನ್ನು ಮುದ್ರಿಸುವುದು ಕಡ್ಡಾಯವಾದದ್ದು 1986ರಲ್ಲಿ. 1980ರಲ್ಲಿ 555 ಪ್ರಕರಣಗಳು ವರದಿಯಾಗಿದ್ದ ಆ ದೇಶದಲ್ಲಿ, 1987ರಿಂದೀಚೆಗೆ ವರ್ಷಕ್ಕೆ 36ಕ್ಕಿಂತ ಹೆಚ್ಚು ಕಂಡುಬರಲಿಲ್ಲ.

ನಡುವಿನ ಆ ನಾಲ್ಕು ವರ್ಷಗಳನ್ನು ವಾಚಕರು ಗಮನಿಸಬೇಕು. ಸಾಬೀತಾಗಿರಲಿಲ್ಲವೆಂಬ ಮಾತು ಸುಳ್ಳಲ್ಲ. ಸಂಬಂಧದ ಪೂರ್ಣ ಕಾರಣ ಇಂದಿಗೂ ಬಿಡಿಸಿಲ್ಲ. ಆದರೂ ನೀರಿನಲ್ಲಿ ಜೀವಿಯಿದೆಯೆಂದು ಸಾಬೀತಾದ ಮೇಲೆಯೇ ಸೋಸುತ್ತೇನೆಂದು ಯಾವ ಶ್ರಾವಕನೂ ಹೇಳುವುದಿಲ್ಲ. ಇರಬಹುದೆಂಬ ಶಂಕೆಯೇ ಅರಿವೆಯನ್ನು ಕೈಗೆತ್ತಿಕೊಳ್ಳಲು ಸಾಕು. ಅರಿಯದೆ ಕೊಟ್ಟ ತಾಯಿಗೂ, ಶಂಕೆ ಹುಟ್ಟಿದ ಮೇಲೂ ಮೌನವಾಗಿ ಮಾರಿದವನಿಗೂ ಇರುವ ಅಂತರವು ಇಷ್ಟೇ, ಮತ್ತು ಇದು ಬಹಳ ದೊಡ್ಡ ಅಂತರ. ಪ್ರಮಾದವೆಂಬ ಶಬ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತೋಚದು.

ವೈದ್ಯರ ಚೀಟಿಯಿಲ್ಲದೆ ಸಿಗದ ಅಫೀಮು ವರ್ಗದ ನೋವುನಿವಾರಕಗಳ ಬಗೆಗೂ ಇಂಥ ಶಂಕೆಯುಂಟು. ಇವುಗಳನ್ನು ಸೇವಿಸುವವರಲ್ಲಿ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದ ತೀವ್ರ ಸೋಂಕು ಹೆಚ್ಚೆಂದು ಟೆನೆಸ್ಸೀಯ ಅಧ್ಯಯನವೊಂದು 2018ರಲ್ಲಿ ತಿಳಿಸಿತು. ಇನ್‌ಫ್ಲುಯೆಂಜಾದ ಬೆನ್ನಿಗೆ ಬಂದು ಶ್ವಾಸಕೋಶವನ್ನು ಹಿಡಿಯುವುದು ಹಲವು ವೇಳೆ ಇದೇ ಬ್ಯಾಕ್ಟೀರಿಯಾ. ಹಾಗೆಂದು ಅರ್ಬುದ ರೋಗಿಯ ಮದ್ದನ್ನು ಯಾರೂ ತಾವಾಗಿ ನಿಲ್ಲಿಸಬಾರದು. ಹೃದ್ರೋಗಕ್ಕೆಂದು ಕೊಟ್ಟ ಅಲ್ಪಪ್ರಮಾಣದ ಆಸ್ಪಿರಿನ್ನನ್ನೂ ನಿಲ್ಲಿಸಬಾರದು. ವೈದ್ಯರನ್ನು ಕೇಳಬೇಕು, ಅಷ್ಟೇ. ವ್ರತಿಗಳಿಗೆ ಪ್ರತ್ಯೇಕವಾಗಿ ಹೇಳಬೇಕಾದದ್ದೊಂದಿದೆ. ಉಪವಾಸದಿಂದ ನೀರಿನಂಶ ಕುಗ್ಗಿದ ದೇಹದಲ್ಲಿ ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳು ಮೂತ್ರಪಿಂಡವನ್ನು ಕೆಡಿಸಬಲ್ಲವು. ದೀರ್ಘಕಾಲ ಅನ್ನ ಬಿಟ್ಟವನ ಯಕೃತ್ತಿಗೆ ಪ್ಯಾರಸಿಟಮಾಲ್ ಕೂಡ ಹೆಚ್ಚು ಭಾರವಾಗುತ್ತದೆ. ವ್ರತದ ಸಂಗತಿಯನ್ನು ವೈದ್ಯರಿಂದ ಮುಚ್ಚಿಡುವ ಸಂಕೋಚವು ನಮ್ಮ ಮನೆಗಳಲ್ಲಿದೆ, ಅದು ಅನಗತ್ಯ.

ಇನ್ನುಳಿದದ್ದು ನೆರೆಯವರ ಪ್ರಶ್ನೆ. ಗುಳಿಗೆಯಿಂದ ಜ್ವರ ಇಳಿದರೂ ರೋಗ ಇಳಿದಿರುವುದಿಲ್ಲ. ಮೈ ಹಗುರಾದವನು ಹೊರಗೆ ಹೋಗುತ್ತಾನೆ, ಸೋಂಕೂ ಅವನೊಡನೆ ಹೋಗುತ್ತದೆ. ಜ್ವರವನ್ನು ಹೀಗೆ ತಗ್ಗಿಸುವುದರಿಂದ ಪ್ರತಿವರ್ಷದ ಇನ್‌ಫ್ಲುಯೆಂಜಾ ಸುಮಾರು ಶೇಕಡಾ 5ರಷ್ಟು ಹೆಚ್ಚಬಹುದೆಂದು ಕೆನಡಾದ ಗಣಿತಜ್ಞರು 2014ರಲ್ಲಿ ಅಂದಾಜು ಮಾಡಿದರು. (ಆ ಲೆಕ್ಕದ ಒಂದು ಆಧಾರ ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗಳಿಗೆ ಸೋಂಕು ತಗುಲಿಸಿ ಮಾಡಿದ ಪ್ರಯೋಗ. ಆ ಮೂಕಪ್ರಾಣಿಗಳ ವೇದನೆಯಿಂದ ಬಂದ ಅರಿವನ್ನು ಅಲಕ್ಷಿಸುವುದು ಎರಡನೆಯ ಅನ್ಯಾಯವಾದೀತು.) ಇದೂ ಅಂದಾಜೇ. ಆದರೆ ನೀರು ಸೋಸುವವನಿಗೆ ಇಷ್ಟು ಶಂಕೆ ಸಾಕು. ಜ್ವರವಿಳಿಸುವ ಯಾವ ಮದ್ದಿನ ನೆರವೂ ಇಲ್ಲದೆ 24 ಗಂಟೆ ಜ್ವರವಿಲ್ಲದಿದ್ದು, ಉಳಿದ ಲಕ್ಷಣಗಳೂ ತಗ್ಗಿದ ಬಳಿಕವೇ ಜನರ ನಡುವೆ ಹೋಗಬೇಕೆಂದು ವೈದ್ಯರು ಹೇಳುತ್ತಾರೆ. ಅಲ್ಲಿಯವರೆಗೆ ಮನೆಯಲ್ಲಿಯೇ ಜಪ ಮಾಡಬಹುದು. ಪಾರಣೆಯ ಪಂಕ್ತಿಯಲ್ಲಿ ಎಂಟು ದಿನಗಳ ಉಪವಾಸ ಮುಗಿಸಿದ ವೃದ್ಧೆಯೊಬ್ಬರು ಪಕ್ಕದಲ್ಲಿ ಕುಳಿತಿರಬಹುದು.