ಅಡುಗೆಮನೆಯ ಕಸವೂ ಒಂದು ಅಮಾನತ್ತು



ನಮಾಝಿಗೆ ನಿಲ್ಲುವ ಮುನ್ನ ನಾವು ದೇಹ, ಉಡುಪು ಮತ್ತು ಸ್ಥಳದ ಶುದ್ಧಿಯನ್ನು ಖಚಿತಪಡಿಸಿಕೊಳ್ಳುತ್ತೇವೆ. ಆದರೆ ನಾವು ಗುಡಿಸಿ ಹೊರಹಾಕಿದ ಕಸ ಎಲ್ಲಿಗೆ ಹೋಗುತ್ತದೆಂದು ನಮ್ಮಲ್ಲಿ ಎಷ್ಟು ಮಂದಿ ಯೋಚಿಸುತ್ತೇವೆ? ತರಕಾರಿ ಸಿಪ್ಪೆ, ಮೀನಿನ ಮುಳ್ಳು, ಉಳಿದ ಅನ್ನ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ರಸ್ತೆಬದಿಗೆ ಎಸೆದರೆ ನಮ್ಮ ಮನೆ ಶುಚಿಯಾಯಿತು. ನೆರೆಯವನ ಅಂಗಳದ ಗತಿಯೇನು?

ದಾರಿಯಿಂದ ಉಪದ್ರವಕಾರಿ ವಸ್ತುವನ್ನು ಸರಿಸುವುದನ್ನು ಪ್ರವಾದಿವರ್ಯರು(ಸ) ಈಮಾನಿನ ಒಂದು ಶಾಖೆಯಾಗಿ ಎಣಿಸಿದ್ದಾರೆ. ಹಾಗಿರುವಾಗ ಅದನ್ನು ದಾರಿಗೆ ತಂದು ಸುರಿಯುವವನ ಸ್ಥಿತಿಯನ್ನು ನೀವೇ ಊಹಿಸಿರಿ.

2019ರ ಆಗಸ್ಟ್ ತಿಂಗಳ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಬೆಟ್ಟ ಜಾರಿ, ತಗ್ಗಿನಲ್ಲಿದ್ದ ಮಂದಾರದ ಮನೆಗಳತ್ತ, ತೆಂಗು-ಅಡಿಕೆ ತೋಟಗಳ ಮೇಲೆ ಹರಿಯಿತು. ಅಲ್ಲಿನ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಆ ಬೆಟ್ಟವನ್ನು ಯಾರೋ ಒಬ್ಬರು ಕಟ್ಟಿದ್ದಲ್ಲ; ಮನೆಮನೆಯ ಚೀಲಗಳು ಸೇರಿ ಬೆಳೆದದ್ದು. ಮನೆಯಿಂದ ಹೊರಹೋದ ಕಸ ನಮ್ಮ ಕರ್ಮಗಳ ಲೆಕ್ಕದಿಂದಲೂ ಹೊರಹೋಗುವುದೆಂದು ಭಾವಿಸಬಾರದು.

ಮೊದಲನೆಯದಾಗಿ, ದುಂದುವೆಚ್ಚ ನಿಲ್ಲಲಿ. ಉಣ್ಣಲು, ಕುಡಿಯಲು ಅನುಮತಿಯಿತ್ತ ಅಲ್ಲಾಹನೇ ಮಿತಿಮೀರಬಾರದೆಂದು ಅಲ್‌ಅಅ್‌ರಾಫ್ ಅಧ್ಯಾಯದಲ್ಲಿ ತಾಕೀತು ಮಾಡಿದ್ದಾನೆ. ಗೊಬ್ಬರವಾಗುತ್ತದಲ್ಲ ಎಂದು ಅನ್ನ ಚೆಲ್ಲುವುದಕ್ಕೆ ಸಮರ್ಥನೆಯಿಲ್ಲ. ಅನ್ನ ಹಸಿದವನ ಹಕ್ಕು. ಸಿಪ್ಪೆ ಮಾತ್ರ ಮಣ್ಣಿನ ಪಾಲು.

ಆ ಪಾಲನ್ನು ಮಣ್ಣಿಗೆ ಸಲ್ಲಿಸುವುದು ಕಷ್ಟವೇನಲ್ಲ. ತಳಕ್ಕೂ ಬದಿಗಳಿಗೂ ತೂತು ಕೊರೆದ ದೊಡ್ಡ ಮಡಕೆ ಅಥವಾ ಹಳೆಯ ಡ್ರಮ್ಮು ಸಾಕು. ತಳದಲ್ಲಿ ಒಣ ತರಗೆಲೆ ಹಾಸಿರಿ. ಒಂದು ಪಾಲು ಹಸಿ ಸಿಪ್ಪೆ, ಚಹಾದ ಚರಟಕ್ಕೆ ಎರಡು-ಮೂರು ಪಾಲು ತರಗೆಲೆ ಅಥವಾ ತೆಂಗಿನ ನಾರಿನ ಪುಡಿ ಹಾಕಿ, ಮೇಲೆ ಒಂದು ಹಿಡಿ ಮಣ್ಣು ಉದುರಿಸಿರಿ. ಹಿಂಡಿದ ಬಟ್ಟೆಯಷ್ಟು ತೇವವಿರಲಿ. ವಾರಕ್ಕೊಮ್ಮೆ ಕೋಲಿನಿಂದ ಮಗುಚಿರಿ. ಗಾಳಿಯಾಡದಿದ್ದರೆ ಕೊಳೆತು ನಾರುತ್ತದೆ. ದುರ್ವಾಸನೆ ಬಂದರೆ ತರಗೆಲೆ ಹೆಚ್ಚಿಸಿರಿ, ತೀರಾ ಒಣಗಿ ಇರುವೆ ಮುತ್ತಿದರೆ ನೀರು ಚಿಮುಕಿಸಿರಿ. ಮಳೆಗಾಲದಲ್ಲಿ ಮುಚ್ಚಿಡಿರಿ. ಮೀನು, ಮಾಂಸ, ಎಲುಬು, ಎಣ್ಣೆ ಹಾಕಬಾರದು. ನಾಯಿ, ಹೆಗ್ಗಣಗಳ ಕಾಟದಿಂದ ನೆರೆಯವರಿಗೂ ತೊಂದರೆಯಾದೀತು.

ಮಡಕೆ ತುಂಬಿದ ಮೇಲೆ ಹೊಸದಾಗಿ ಏನೂ ಹಾಕದೆ ಎರಡು-ಮೂರು ತಿಂಗಳು ಬಿಟ್ಟರೆ ಅದು ಕಪ್ಪಗೆ ಪುಡಿಪುಡಿಯಾಗಿ, ಮೊದಲ ಮಳೆಗೆ ನೆನೆದ ಮಣ್ಣಿನ ಪರಿಮಳ ಬೀರುತ್ತದೆ. ಅರ್ಧ ಕಳಿತದ್ದನ್ನು ಬಳಸಿದರೆ ಗಿಡಕ್ಕೆ ಹಾನಿ. ಪೂರ್ಣ ಕಳಿತ ಒಂದು ಪಾಲಿಗೆ ಎರಡು-ಮೂರು ಪಾಲು ಮಣ್ಣು ಬೆರೆಸಿ ಬದನೆ, ಬಸಳೆ, ಮೆಣಸು, ಪುದೀನ ನೆಡಿರಿ. ರಾಸಾಯನಿಕ ಗೊಬ್ಬರವಿಲ್ಲದೆಯೇ ಮನೆಯ ಅಗತ್ಯಕ್ಕೆ ತಕ್ಕ ಸೊಪ್ಪು-ತರಕಾರಿ ದೊರೆಯಬಹುದು.

ಬೆಳೆದದ್ದರಲ್ಲಿ ಒಂದು ಪಾಲು ನೆರೆಮನೆಗೆ ಹೋಗಲಿ. ಆ ಮನೆಯವರು ಯಾವ ಧರ್ಮದವರೆಂದು ನೋಡಬೇಡಿರಿ. ನಿನ್ನೆಯವರೆಗೆ ನಮ್ಮ ಕಸದ ವಾಸನೆ ಸಹಿಸಿದವರಿಗೆ ಇಂದು ನಮ್ಮ ಬಸಳೆ ತಲುಪಿದರೆ, ಅದು ಹತ್ತು ಭಾಷಣಗಳಿಗಿಂತ ಪರಿಣಾಮಕಾರಿ. ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯನೋ ಪಕ್ಷಿಯೋ ಪ್ರಾಣಿಯೋ ತಿಂದರೆ ಅದು ಅವನ ಪಾಲಿಗೆ ಸದಕಾ ಆಗುವುದೆಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳ ಹದೀಸ್ ನಮಗೆ ತಿಳಿಸುತ್ತದೆ.

ಸಹೋದರಿಯರೇ, ಮಡಕೆ ಮಗುಚುವ ಕೆಲಸವನ್ನು ಮಕ್ಕಳಿಗೂ ಒಪ್ಪಿಸಿರಿ. ನಿರ್ಜೀವ ಭೂಮಿಗೆ ಜೀವ ನೀಡುವವನೇ ನಮ್ಮನ್ನು ಮತ್ತೆ ಎಬ್ಬಿಸುವನೆಂದು ಅರ್‌ರೂಮ್ ಅಧ್ಯಾಯದಲ್ಲಿ ಕಲಿತ ಮಗು, ಸಿಪ್ಪೆ ಮಣ್ಣಾಗಿ ಆ ಮಣ್ಣಿನಿಂದ ಮೊಳಕೆ ಏಳುವುದನ್ನು ತನ್ನ ಕಣ್ಣಿನಿಂದಲೇ ನೋಡಲಿ.

ಅಲ್ಲಾಹನು ನಮ್ಮ ಮನೆಗಳನ್ನೂ ನೆರೆಯವರ ಅಂಗಳಗಳನ್ನೂ ಶುದ್ಧವಾಗಿರಿಸಲು ನಮಗೆ ತೌಫೀಕ್ ಕರುಣಿಸಲಿ. ಆಮೀನ್.