ಯಾರ ಪೈಕಿ?

ಮುಂಬಯಿ ಪರಿಸರದಲ್ಲಿ ಕನ್ನಡಿಗರಿಬ್ಬರು ಮೊದಲ ಸಲ ಕಲೆತಾಗ ಮಾತು ಹೇಗೆ ಸಾಗುವುದೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ‘ನೀವು ಕನ್ನಡದವರೆ?’ ಎಂಬ ಸಂತೋಷ ಮುಗಿದ ಕೂಡಲೆ ‘ಯಾವ ಊರು?’ ಎನ್ನುತ್ತೇವೆ. ಊರು ತಿಳಿದ ಮೇಲೆ ‘ಅಲ್ಲಿ ಯಾರ ಪೈಕಿ?’ ಎನ್ನುತ್ತೇವೆ. ಈ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಎದುರಿನ ಮನುಷ್ಯ ನಮ್ಮ ಮನಸ್ಸಿನಲ್ಲಿ ಒಂದು ಜಾಗ ಹಿಡಿದು ಕೂರುವುದು. ಅಲ್ಲಿಯವರೆಗೆ ಆತ ನಿಂತೇ ಇರುತ್ತಾನೆ. ರಬಾಳೆ ಸ್ಟೇಶನ್ನಿನಲ್ಲಿ ಠಾಣೆಯ ಗಾಡಿಗಾಗಿ ಕಾಯುತ್ತ ನಾವು ಹೀಗೆ ಎಷ್ಟು ಜನರನ್ನು ಕೂರಿಸಿದ್ದೇವೆಯೋ ಲೆಕ್ಕವಿಲ್ಲ.

ಇದೇ ಪ್ರಶ್ನೆ ನಮ್ಮ ಮನೆಗೆ ತೀರ ಬೇರೆಯೇ ದಿಕ್ಕಿನಿಂದ ಬಂತು. ನಮ್ಮ ಮಗ ‘ಸ್ಟಾರ್ ವಾರ್ಸ್’ ಎಂಬ ಅಂತರಿಕ್ಷದ ಚಿತ್ರಮಾಲೆಯ ಭಕ್ತ. 2025ರ ಏಪ್ರಿಲಿನಲ್ಲಿ ಜಪಾನಿನಲ್ಲಿ ನಡೆದ ಅಭಿಮಾನಿಗಳ ಮೇಳದಲ್ಲಿ, ಈ ಮಾಲೆಯ ‘ಸ್ಟಾರ್‌ಫೈಟರ್’ ಎಂಬ ಹೊಸ ಚಿತ್ರ 2027ರ ಮೇ 28ಕ್ಕೆ ಬರುವುದೆಂದು ಸಾರಿದರು. ಅದೇ ವರ್ಷ ಆಗಸ್ಟಿನಲ್ಲಿ ಚಿತ್ರೀಕರಣ ಆರಂಭವಾದಾಗ ಒಂದು ಫೋಟೋ ಹೊರಬಿತ್ತು. ಅದರಲ್ಲಿ ರಯಾನ್ ಗಾಸ್ಲಿಂಗ್ ಎಂಬ ನಟ, ಅವನ ಜೊತೆ ಒಬ್ಬ ಹುಡುಗ. ಕಥೆ ಏನು, ಆ ಹುಡುಗ ಯಾವ ಪಾತ್ರ, ಯಾವುದೂ ಗೊತ್ತಿಲ್ಲ. ನಮ್ಮ ಮಗ ಊಟಕ್ಕೆ ಕುಳಿತಲ್ಲಿ ಕೇಳಿದ: ‘ಅಪ್ಪಾ, ಈ ಹುಡುಗ ಯಾರ ಮಗ ಇರಬಹುದು?’

ನಾವು ನಗಬಹುದಾಗಿತ್ತು. ನಗು ಬರಲಿಲ್ಲ. ಅದೇಕೆಂಬುದನ್ನು ಮುಂದೆ ಹೇಳುತ್ತೇವೆ.

ಈ ಚಿತ್ರಗಳನ್ನು ನೋಡದ ಹಿರಿಯರಿಗಾಗಿ ಎರಡು ಮಾತು. ಜಾರ್ಜ್ ಲೂಕಾಸ್ ಎಂಬಾತ 1977ರ ಮೇ ತಿಂಗಳಲ್ಲಿ ಮೊದಲನೆಯದನ್ನು ತೆರೆಗೆ ತಂದ. ಶೂನ್ಯದಲ್ಲಿ ಶಬ್ದ ಸಾಗುವುದಿಲ್ಲವೆಂದು ಬಿ.ಎಸ್‌ಸಿ.ಯಲ್ಲಿ ಓದಿದ ನಮಗೆ, ಅಲ್ಲಿಯ ವಿಮಾನಗಳು ಗುಡುಗುತ್ತ ಹಾರುವುದನ್ನು ಕಂಡಾಗಲೆಲ್ಲ ಕಸಿವಿಸಿಯಾಗುತ್ತದೆ. ಮನೆಯಲ್ಲಿ ಈಗ ಯಾರೂ ನಮ್ಮ ಈ ತಕರಾರನ್ನು ಕೇಳಿಸಿಕೊಳ್ಳುವುದಿಲ್ಲ. ಕಥಾನಾಯಕ ಲ್ಯೂಕ್ ಸ್ಕೈವಾಕರ್. ನಿನ್ನ ತಂದೆಯನ್ನು ದುಷ್ಟ ಡಾರ್ತ್ ವೇಡರ್ ಕೊಂದನೆಂದು ಅವನಿಗೆ ಹಿರಿಯನೊಬ್ಬ ಹೇಳಿರುತ್ತಾನೆ. 1980ರ ಎರಡನೆಯ ಚಿತ್ರದಲ್ಲಿ ಆ ವೇಡರನೇ ತಾನು ನಿನ್ನ ತಂದೆ ಎನ್ನುತ್ತಾನೆ. ಈ ಗುಟ್ಟು ಹೊರಬೀಳಬಾರದೆಂದು, ಚಿತ್ರೀಕರಣದ ದಿನ ಕಪ್ಪು ಕವಚದೊಳಗಿದ್ದ ನಟನ ಬಾಯಲ್ಲಿ ಬೇರೆಯೇ ಮಾತು ಆಡಿಸಿದ್ದರು. ಆಮೇಲೆ ದನಿ ಕೊಟ್ಟ ಜೇಮ್ಸ್ ಅರ್ಲ್ ಜೋನ್ಸ್, ಮಾತನ್ನು ಓದಿದಾಗ ವೇಡರ್ ಸುಳ್ಳು ಹೇಳುತ್ತಿದ್ದಾನೆಂದೇ ಎಣಿಸಿದ್ದರಂತೆ. ನಿಜವೋ ಸುಳ್ಳೋ ಎಂದು ಪ್ರೇಕ್ಷಕರು 1983ರವರೆಗೆ ಕಾದರು. ನಿಜವೇ ಆಗಿತ್ತು. ಅಂದಿನಿಂದ ಈ ಅಭಿಮಾನಿಗಳಿಗೆ ಒಂದು ಚಟ ಅಂಟಿತು: ಯಾರೇ ಹೊಸಬ ತೆರೆಯ ಮೇಲೆ ಬರಲಿ, ಅವನು ಯಾರ ಮಗ?

2015ರ ಡಿಸೆಂಬರಿನಲ್ಲಿ ಬಂದ ಏಳನೆಯ ಚಿತ್ರದಲ್ಲಿ ರೇ ಎಂಬ ಹುಡುಗಿ ಬಂದಳು. ಮರಳುಗಾಡಿನಲ್ಲಿ ಕೆಟ್ಟು ಬಿದ್ದ ಹಡಗುಗಳ ಬಿಡಿಭಾಗ ಕಿತ್ತು ಮಾರಿ ಹೊಟ್ಟೆ ಹೊರೆಯುವವಳು. ಚಿಕ್ಕವಳಿದ್ದಾಗಲೇ ತಂದೆ ತಾಯಿ ಬಿಟ್ಟುಹೋಗಿದ್ದಾರೆ. ಒಂದು ದಿನ ಬಂದಾರೆಂದು ಗೋಡೆಯ ಮೇಲೆ ದಿನಕ್ಕೊಂದು ಗೀರು ಎಳೆಯುತ್ತಾಳೆ. ಎರಡು ವರ್ಷ ಜಗತ್ತಿನಾದ್ಯಂತ ಊಹೆಗಳು ನಡೆದುವು. ಲ್ಯೂಕನ ಮಗಳೆಂದು ಕೆಲವರು, ಅವನ ಗುರುವಿನ ಮೊಮ್ಮಗಳೆಂದು ಕೆಲವರು, ಹಳೆಯ ಚಕ್ರವರ್ತಿಯ ವಂಶದವಳೆಂದು ಮತ್ತೆ ಕೆಲವರು. ಕತ್ತಿ ಹಿಡಿಯುವ ಕೈಯ ಭಂಗಿ, ಹಿನ್ನೆಲೆ ಸಂಗೀತದ ಎರಡು ಸ್ವರ, ಎಲ್ಲವೂ ಸಾಕ್ಷ್ಯಗಳೇ.

2017ರ ಡಿಸೆಂಬರಿನಲ್ಲಿ ಉತ್ತರ ಬಂತು. ಅವಳು ಯಾರ ಮಗಳೂ ಅಲ್ಲ. ಹೆತ್ತವರು ಹೆಸರಿಲ್ಲದ ಜನ. ಕುಡಿಯುವ ಹಣಕ್ಕಾಗಿ ಮಗಳನ್ನು ಮಾರಿದವರು.

ಎಷ್ಟೋ ಜನ ಇದನ್ನು ಮೆಚ್ಚಿದರು. ಆದರೆ ಎದ್ದ ಕೋಪವೂ ಸಾಮಾನ್ಯದ್ದಲ್ಲ. ಕೋಪಕ್ಕೆ ಬೇರೆ ಕಾರಣಗಳೂ ಇದ್ದುವೆಂಬುದನ್ನು ಒಪ್ಪೋಣ. ಮುದಿ ಲ್ಯೂಕನನ್ನು ತೋರಿಸಿದ ರೀತಿ ಹಲವರಿಗೆ ಹಿಡಿಸಲಿಲ್ಲ. ಈ ಚಿತ್ರವನ್ನು ಮಾಲೆಯಿಂದಲೇ ತೆಗೆದುಹಾಕಬೇಕೆಂದು ಮನವಿಗೆ ಸಹಿ ಹಾಕಿಸಿದರು. ವಿಯೆಟ್ನಾಮಿ ಮೂಲದ ನಟಿ ಕೆಲ್ಲಿ ಮೇರಿ ಟ್ರಾನ್ ಅವರನ್ನು ಕೆಲವರು ಎಷ್ಟು ನಿಂದಿಸಿದರೆಂದರೆ, 2018ರಲ್ಲಿ ಆಕೆ ಇನ್‌ಸ್ಟಾಗ್ರಾಮಿನ ತನ್ನ ಪುಟವನ್ನೇ ಬರಿದು ಮಾಡಿದರು. 2019ರ ಡಿಸೆಂಬರಿನಲ್ಲಿ ಮುಂದಿನ ಚಿತ್ರ ಬಂದಾಗ ಉತ್ತರ ತಿರುವುಮುರುವಾಗಿತ್ತು: ರೇ ಚಕ್ರವರ್ತಿಯ ಮೊಮ್ಮಗಳು! ಚಿತ್ರೀಕರಣ ನಡೆದಾಗಲೂ ಈ ಉತ್ತರ ಬದಲಾಗುತ್ತಿತ್ತೆಂದು ಆ ಪಾತ್ರದ ನಟಿಯೇ 2020ರಲ್ಲಿ ಹೇಳಿದರು. ಕೊನೆಯ ದೃಶ್ಯದಲ್ಲಿ ಮರಳುಗಾಡಿನ ಮುದುಕಿಯೊಬ್ಬಳು ಹುಡುಗಿಯ ಹೆಸರು ಕೇಳುತ್ತಾಳೆ. ‘ರೇ’ ಎಂದರೆ ಮುದುಕಿಗೆ ಸಾಲದು. ಮುಂದಿನ ಹೆಸರೂ ಬೇಕು. ಹುಡುಗಿ ತುಸು ತಡೆದು ‘ಸ್ಕೈವಾಕರ್’ ಎನ್ನುತ್ತಾಳೆ. ಮಹಾರಾಷ್ಟ್ರಕ್ಕೆ ಬಂದ ಹೊಸದರಲ್ಲಿ ‘ಆಡನಾವ್ ಕಾಯ್?’ ಎಂಬ ಪ್ರಶ್ನೆಗೆ ಬೆಬ್ಬಳಿಸಿ, ಊರಿನ ಹೆಸರನ್ನೋ ಅಪ್ಪನ ಹೆಸರನ್ನೋ ಅಡ್ಡಹೆಸರು ಮಾಡಿಕೊಂಡ ನಮ್ಮವರಿಗೆ ಆ ದೃಶ್ಯ ಚೆನ್ನಾಗಿ ಅರ್ಥವಾದೀತು.

ಊಹಿಸುವುದು ತಪ್ಪೇ? ವಿಜ್ಞಾನ ಓದಿದವರು ಹಾಗೆ ಹೇಳಲಾರೆವು. ಯುರೇನಸ್ ಗ್ರಹ ಲೆಕ್ಕದ ದಾರಿ ಬಿಟ್ಟು ಅಲುಗುವುದನ್ನು ಕಂಡು, ಆಚೆ ಇನ್ನೊಂದು ಗ್ರಹವಿರಬೇಕೆಂದು ಫ್ರಾನ್ಸಿನ ಲವೆರಿಯೆ ಊಹಿಸಿದ. 1846ರಲ್ಲಿ ಬರ್ಲಿನ್ನಿನಲ್ಲಿ ದುರ್ಬೀನು ತಿರುಗಿಸಿದರೆ ನೆಪ್ಚೂನ್ ಅಲ್ಲೇ ಇತ್ತು. ಅದೇ ಮನುಷ್ಯ ಅದೇ ಜಾಣತನದಿಂದ, ಬುಧ ಗ್ರಹದ ಅಲುಗಾಟ ಕಂಡು, ಸೂರ್ಯನ ಸಮೀಪ ವಲ್ಕನ್ ಎಂಬ ಗ್ರಹವಿರಬೇಕೆಂದು 1859ರಲ್ಲಿ ಹೇಳಿದ. ಅಲ್ಲಿ ಏನೂ ಇರಲಿಲ್ಲ. ಬುಧನ ನಡೆಗೆ ಕಾರಣ ಬೇರೆಯೇ ಎಂಬುದನ್ನು 1915ರಲ್ಲಿ ಐನ್‌ಸ್ಟೀನ್ ತೋರಿಸಿದ. ಊಹೆ ಒಂದೇ ಬಗೆಯದು; ಒಂದಕ್ಕೆ ಆಕಾಶ ‘ಹೌದು’ ಎಂದಿತು, ಇನ್ನೊಂದಕ್ಕೆ ‘ಇಲ್ಲ’ ಎಂದಿತು. ಆಕಾಶವನ್ನು ಬದಲಿಸಿರೆಂದು ಯಾರೂ ಮನವಿ ಬರೆಯಲಿಲ್ಲ. ಸಿನೆಮಾದಲ್ಲಿ ಆಕಾಶವನ್ನೂ ಬದಲಿಸಬಹುದು, ತೊಂದರೆ ಇರುವುದು ಅಲ್ಲೇ.

ನಮ್ಮನ್ನು ಕಾಡುವುದು ಊಹೆ ತಪ್ಪಿದ್ದಲ್ಲ. ಅಷ್ಟೊಂದು ಬಗೆಯ ಊಹೆಗಳ ನಡುವೆ ‘ಯಾರೂ ಅಲ್ಲ’ ಎಂಬುದಕ್ಕೆ ಎಷ್ಟು ಕಡಮೆ ಜಾಗವಿತ್ತು! ಕೆಚ್ಚು ಇದೆಯೆಂದರೆ ಅದು ಎಲ್ಲಿಂದಲೋ ಬಂದಿರಲೇಬೇಕು, ರಕ್ತದಲ್ಲಿ ಇಳಿದು ಬಂದಿರಬೇಕು ಎಂಬುದನ್ನು ಯಾರೂ ಊಹೆಯೆಂದು ತಿಳಿಯಲೇ ಇಲ್ಲ. ಅದು ನೆಲವಾಗಿತ್ತು, ಉಳಿದ ಊಹೆಗಳು ಅದರ ಮೇಲೆ ಕಟ್ಟಿದ ಮನೆಗಳು.

ಪಶ್ಚಿಮದವರನ್ನು ಬಯ್ದು ನಾವು ಪಾರಾಗುವಂತಿಲ್ಲ. ಪಂಪನಿಂದ ಹಿಡಿದು ಊರ ಬಯಲಾಟದವರೆಗೆ ನಾವು ಕರ್ಣನಿಗಾಗಿ ಮರುಗಿದವರು. ತುಂಬಿದ ರಂಗದಲ್ಲಿ ಕುಲ ಕೇಳಿ ಅವನ ತಲೆ ತಗ್ಗಿಸಿದಾಗ ನಮಗೆ ಸಿಟ್ಟು ಬರುತ್ತದೆ. ಆದರೆ ಆ ಸಿಟ್ಟಿನಲ್ಲಿ ಎಷ್ಟು ಪಾಲು, ಅವನು ನಿಜಕ್ಕೂ ಸೂರ್ಯನ ಮಗ, ಕುಂತಿಯ ಚೊಚ್ಚಲು ಎಂಬುದು ನಮಗೆ ಮೊದಲೇ ಗೊತ್ತಿರುವುದರಿಂದ ಬಂದದ್ದು? ಬರಿಯ ಸಾರಥಿಯ ಮಗನಾಗಿಯೇ ಉಳಿದಿದ್ದರೆ ಇಷ್ಟು ಮರುಗುತ್ತಿದ್ದೆವೆ? ಬೆರಳು ಕೊಟ್ಟ ಏಕಲವ್ಯನನ್ನೂ ಬಿಡಲಿಲ್ಲ. ಹರಿವಂಶದಲ್ಲಿ ಅವನು ವಸುದೇವನ ತಮ್ಮ ದೇವಶ್ರವನ ಮಗ, ಬೇಡರ ನಡುವೆ ಬೆಳೆದವನು. ಅಂದರೆ ಕೃಷ್ಣನ ದಾಯಾದಿಯೇ. ಹಳೆಯ ಸಿನೆಮಾಗಳ ಅನಾಥ ನಾಯಕನ ತೋಳಿನ ಮಚ್ಚೆ, ಕೊರಳ ಲಾಕೆಟ್ಟು ಕಡೆಯ ರೀಲಿನಲ್ಲಿ ಮಾಡುತ್ತಿದ್ದ ಕೆಲಸವೂ ಇದೇ.

ಈ ವಿಷಯದಲ್ಲಿ ‘ಕೆ.ಜಿ.ಎಫ್.’ ಬೇರೆ ದಾರಿ ಹಿಡಿಯಿತೆನ್ನಬೇಕು. ಅದರ ಹೊಡೆದಾಟ ನಮಗೆ ಹಿಡಿಸಿತೆಂದಲ್ಲ. 2018ರ ಡಿಸೆಂಬರಿನಲ್ಲಿ ಮೊದಲ ಅಧ್ಯಾಯ, 2022ರ ಏಪ್ರಿಲಿನಲ್ಲಿ ಎರಡನೆಯದು ಬಂದುವು. ತಾಯಿಯ ಮಾತೊಂದನ್ನೇ ಗಂಟು ಕಟ್ಟಿಕೊಂಡು ಮುಂಬಯಿಗೆ ಬರುವ ಪೋರ ರಾಕಿ ಕಡೆಗೂ ಯಾವ ದೊಡ್ಡ ಮನೆತನದ ವಾರಸುದಾರನಾಗಿ ಹೊರಬೀಳುವುದಿಲ್ಲ. ಮೂರನೆಯ ಅಧ್ಯಾಯದ ಸುಳಿವು ಕೊಟ್ಟು ಎರಡನೆಯದು ಮುಗಿದಾಗ ಹುಡುಗರು ಊಹಿಸಿದ್ದು, ಕಡಲಲ್ಲಿ ಮುಳುಗಿದವನು ಬದುಕಿರಬಹುದೆ ಎಂದು. ಅವನು ಯಾರ ಪೈಕಿ ಎಂದಲ್ಲ. ಉತ್ತರ ಕರ್ನಾಟಕದಿಂದ, ಕರಾವಳಿಯಿಂದ ಬರಿಗೈಯಲ್ಲಿ ಈ ಊರಿಗೆ ಬಂದು, ಹಗಲು ಹೊಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರ ಮಕ್ಕಳು ಮೊಮ್ಮಕ್ಕಳಿಗೆ ಅದು ಹಿಡಿಸಿದ್ದರಲ್ಲಿ ಆಶ್ಚರ್ಯವೇನು? ನಮ್ಮ ಮನೆಯಲ್ಲೂ ಚಪ್ಪಾಳೆ ಬಿತ್ತು.

ಈಗ ನಗು ಬಾರದ ಕಾರಣಕ್ಕೆ ಬರುತ್ತೇವೆ.

ನಮ್ಮ ಮಗನಿಗೆ ಈ ಚಿತ್ರಗಳ ದೀಕ್ಷೆ ಕೊಟ್ಟವನು ಅವನ ಟ್ಯೂಷನ್ನಿನ ಗೆಳೆಯ. ಯಾದಗಿರಿ ಕಡೆಯವನು. ಠಾಣೆ-ಬೇಲಾಪುರ ರಸ್ತೆಯ ಬದಿಗೆ, ಎಂ.ಐ.ಡಿ.ಸಿ. ಕಾರಖಾನೆಗಳ ಮಗ್ಗುಲಲ್ಲಿ, ಅವನ ಸೋದರಮಾವನದು ಭಂಗಾರದ ಅಂಗಡಿ. ಗುಜರಿಯನ್ನು ಇಲ್ಲಿ ಭಂಗಾರವೆನ್ನುತ್ತಾರೆ. ಊರಿನ ಬಂಗಾರಕ್ಕೂ ಇಲ್ಲಿಯ ಭಂಗಾರಕ್ಕೂ ಒಂದು ಮಹಾಪ್ರಾಣದ ಅಂತರ. ಶಾಲೆ ಬಿಟ್ಟ ಮೇಲೆ ತಾಮ್ರದ ತಂತಿ ಬಿಡಿಸುವುದು, ತೂಕ ಬರೆಯುವುದು ಹುಡುಗನ ಕೆಲಸ. ಮಳೆಗಾಲದ ಭಾನುವಾರಗಳಲ್ಲಿ ನಮ್ಮಲ್ಲಿಗೆ ಬಂದು ಇಬ್ಬರೂ 1977ರದ್ದರಿಂದ ಕ್ರಮವಾಗಿ ನೋಡುತ್ತಿದ್ದರು. ರೇ ಯಾರ ಮಗಳೂ ಅಲ್ಲವೆಂದ 2017ರ ಚಿತ್ರವೇ ಎಲ್ಲಕ್ಕಿಂತ ಮೇಲೆಂದು ಅವನ ವಾದ. ನಮ್ಮ ಮಗ ಒಪ್ಪುತ್ತಿರಲಿಲ್ಲ, ಜಗಳವಾಡುತ್ತಿದ್ದರು.

ಎರಡು ವರ್ಷದ ಹಿಂದೆ ಅಂಥದೊಂದು ಭಾನುವಾರ ಡೊಂಬಿವಲಿಯಿಂದ ನಮ್ಮ ಹಿರಿಯ ಸಂಬಂಧಿಕರೊಬ್ಬರು ಬಂದಿದ್ದರು. ಹುಡುಗನ ಕನ್ನಡ ಕೇಳಿ ಅವರಿಗೆ ಖುಷಿಯಾಯಿತು. ಅವರ ಮುಂದೆ ನಾವೇ ಮಾತು ತೆಗೆದೆವು: ‘ನಿಮ್ಮಪ್ಪ ಏನ ಮಾಡ್ತಾರಪಾ? ಯಾದಗಿರಿಯೊಳಗ ಯಾರ ಪೈಕಿ ನೀವು?’

ಹುಡುಗ ತಾಟಿನ ಕಡೆ ನೋಡುತ್ತ ಹೇಳಿದ: ‘ಅಪ್ಪ ಇಲ್ರಿ ಕಾಕಾ. ಅಂದ್ರ, ಇದ್ದಾನ. ಎಲ್ಲಿದ್ದಾನ ಗೊತ್ತಿಲ್ರಿ.’

ಸಂಬಂಧಿಕರು ‘ಹಂಗಾರ ಅಡ್ಡಹೆಸರ ಯಾರದ್ದು ಹಚ್ಚತೀ?’ ಎಂದರು. ಅವನು ಏನೋ ಹೇಳಿದ, ನಮಗೆ ಕೇಳಿಸಲಿಲ್ಲ. ನಮ್ಮಾಕೆ ಚಹಾ ತಂದಿಟ್ಟಳು. ಅವನು ಅರ್ಧ ಕುಡಿದು, ಮಾವ ಕಾಯುತ್ತಾನೆಂದು ಹೊರಟ. ಮುಂದಿನ ಭಾನುವಾರ ಬರಲಿಲ್ಲ. ಆಮೇಲೂ ಬರಲಿಲ್ಲ.

ದುರುದ್ದೇಶದಿಂದ ಕೇಳಲಿಲ್ಲವೆಂದು ನಮಗೆ ನಾವೇ ಎಷ್ಟೋ ಸಲ ಹೇಳಿಕೊಂಡಿದ್ದೇವೆ. ಅದು ನಿಜವೂ ಹೌದು. ಈ ಪ್ರಶ್ನೆಯ ಪರವಾಗಿ ಹೇಳಬೇಕಾದುದೂ ಇದೆ. ಪರಊರಿನಲ್ಲಿ ‘ಯಾರ ಪೈಕಿ’ ಎಂದು ಕೇಳಿದವರೇ ಅಲ್ಲವೆ ನಮ್ಮ ಹಿರಿಯರಿಗೆ ಮಲಗಲು ಜಾಗ ಕೊಟ್ಟದ್ದು, ನೌಕರಿ ಹುಡುಕಿಕೊಟ್ಟದ್ದು? ಮುಂಬಯಿಯ ನಮ್ಮ ಜಾತಿಸಂಘಗಳು ನಡೆಸಿದ ರಾತ್ರಿ ಶಾಲೆಗಳಲ್ಲಿ ಎಷ್ಟು ಸಾವಿರ ಹುಡುಗರು ಓದಿ ದೊಡ್ಡವರಾದರು! ನಂಟು ಹುಡುಕುವ ಬಾಯೇ ಅನ್ನವನ್ನೂ ಕೊಟ್ಟಿದೆ. ಪ್ರಶ್ನೆ ಕೆಟ್ಟದ್ದಲ್ಲ. ಆದರೆ ‘ಯಾರ ಪೈಕಿಯೂ ಅಲ್ಲ’ ಎಂಬ ಉತ್ತರ ಬಂದರೆ ಏನು ಮಾಡಬೇಕೆಂಬುದನ್ನು ಯೋಚಿಸದೆ ನಾವು ಕೇಳಿದೆವು. ಆ ಉತ್ತರಕ್ಕೆ ಮಣೆ ಹಾಕಿ ಇಟ್ಟಿರಲಿಲ್ಲ.

ನಮ್ಮ ದುಡಿಮೆಯೂ ಇದೇ ಬಗೆಯದು. ಇಪ್ಪತ್ತು ವರ್ಷಗಳಿಂದ ಕೇಂದ್ರ ಸರಕಾರದ ಮೇಜಿನ ಮುಂದೆ ಕುಳಿತು ‘ತಂದೆಯ ಹೆಸರು’ ಎಂಬ ಅಂಕಣ ಖಾಲಿಯಿದ್ದ ಅರ್ಜಿಗಳನ್ನು ಅಪೂರ್ಣವೆಂದು ಹಿಂದಿರುಗಿಸಿದ್ದೇವೆ. ಕಾಗದಪತ್ರಗಳು ಈಗ ನಮಗಿಂತ ಬೇಗ ಬದಲಾಗುತ್ತಿವೆ. ತಾಯಿ ಒಬ್ಬಳೇ ಸಾಕಿದ ಮಕ್ಕಳಿಗೆ ಪ್ಯಾನ್ ಕಾರ್ಡಿಗಾಗಿ ತಂದೆಯ ಹೆಸರು ಕಡ್ಡಾಯವಲ್ಲವೆಂದು 2018ರಲ್ಲಿ ನಿಯಮ ತಿದ್ದಿದರು. 2024ರ ಮೇ 1ರಿಂದ ಮುಂದೆ ಹುಟ್ಟಿದವರ ಸರಕಾರಿ ದಾಖಲೆಗಳಲ್ಲಿ ತಾಯಿಯ ಹೆಸರು ಇರಲೇಬೇಕೆಂದು ಮಹಾರಾಷ್ಟ್ರ ಸರಕಾರ ವಿಧಿಸಿತು. ಅಲ್ಲಿಯೂ ತಂದೆಯ ಹೆಸರಿನ ಜಾಗ ಇದ್ದೇ ಇದೆ. ನಾವು ಹಿಂದಿರುಗಿಸಿದ ಅರ್ಜಿಗಳನ್ನು ತಂದವರು ಕೌಂಟರಿನಿಂದ ಹೇಗೆ ತಿರುಗಿ ಹೋದರೆಂಬುದನ್ನು ಆಗ ನೋಡಿರಲಿಲ್ಲ. ಹುಡುಗ ನಮ್ಮ ಹೊಸ್ತಿಲು ದಾಟಿ ಹೋದುದನ್ನು ನೋಡಿದೆವು.

ಊಟದ ಹೊತ್ತಿಗೆ ಮಗ ಕೇಳಿದ ಪ್ರಶ್ನೆಗೆ ನಾವು ‘ಯಾರಾದರೂ ಇರಲಿ, ನೀನು ಊಟ ಮಾಡು’ ಎಂದೆವು. ಅವನು ನಮ್ಮನ್ನೇ ಸ್ವಲ್ಪ ಹೊತ್ತು ನೋಡಿದ. ಹಳೆಯದು ಅವನಿಗೂ ನೆನಪಿದ್ದಿರಬೇಕು. ಗೆಳೆಯನ ಮನೆಗೆ ತಾನು ಆಗಾಗ ಹೋಗಿಬರುತ್ತಿದ್ದೇನೆ ಎಂಬುದನ್ನು ಅಂದೇ ಹೇಳಿದ. ನಮಗೆ ಗೊತ್ತಿರಲಿಲ್ಲ.

ಅದಾದ ಕೆಲ ದಿನಗಳಿಗೆ ರಬಾಳೆ ಸ್ಟೇಶನ್ನಿನಲ್ಲಿ ಆ ಹುಡುಗ ಸಿಕ್ಕ. ಎತ್ತರಕ್ಕೆ ಬೆಳೆದಿದ್ದಾನೆ, ತುಟಿಯ ಮೇಲೆ ಮೀಸೆ ಮೂಡಿದೆ. ಐ.ಟಿ.ಐ. ಸೇರಿದ್ದಾನಂತೆ. ಹೇಗೆ ಮಾತು ಶುರುಮಾಡುವುದೆಂದು ತೋಚದೆ ‘ಹೊಸಾ ಪಿಕ್ಚರ್ ಬರತದಂತಲ್ಲೋ. ಆ ಹುಡುಗ ಯಾರಿರಬೇಕಂತಿ?’ ಎಂದು ಕೇಳಿದೆವು. ಕೇಳಿದ ಮೇಲೆ ನಾಲಗೆ ಕಚ್ಚಿಕೊಂಡೆವು.

ಅವನು ನಕ್ಕ. ‘ಯಾರೂ ಅಲ್ಲ ಅಂತ ಮಾಡಿದ್ರ ಚಲೋ ಇರತದ್ರಿ ಕಾಕಾ. ಆದ್ರ ಜನ ಬಿಡಂಗಿಲ್ರಿ.’

ಗಾಡಿ ಬಂತು. ಭಾನುವಾರ ಮನೆಗೆ ಬಾ ಎಂದೆವು. ‘ನೋಡತೀನ್ರಿ’ ಎಂದು ಹತ್ತಿದ. ಮೂರು ಭಾನುವಾರಗಳಾದುವು. ಇನ್ನೂ ಬಂದಿಲ್ಲ.